ಹೊರೆಗಲ್ಲು

ಕಳೆದ ಮಾಗಿಯಲ್ಲಿ ನಮ್ಮ ಕಾಲೇಜಿನ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು, ಊರಿಗೆ ಎರಡು ಹರದಾರಿ ದೂರದಲ್ಲಿರುವ ಒಂದು ಹಳೆಯ ಗುಡಿಯ ಶಾಸನವನ್ನು ನೋಡಲು ಹೋಗಿದ್ದೆ. ಹಿಂದಿರುಗುವಾಗ ದಾರಿಯ ಬದಿಯಲ್ಲಿ, ಲಂಟಾನದ ಪೊದೆಯ ನಡುವೆ, ಆಳೆತ್ತರಕ್ಕೆ ತುಸು ಕಡಿಮೆಯಾದ ಎರಡು ಕಲ್ಲುಕಂಬಗಳೂ ಅವುಗಳ ಮೇಲೆ ಅಡ್ಡಲಾಗಿ ಹಾಸಿದ ಒಂದು ಚಪ್ಪಡಿಯೂ ಕಂಡವು. "ಇದು ಯಾವ ದೇವರ ಕಲ್ಲು, ಸಾರ್?" ಎಂದು ಒಬ್ಬ ಹುಡುಗಿ ಕೇಳಿದಳು. ಬೆಳಗಿನಿಂದ ವೀರಗಲ್ಲು, ಮಾಸ್ತಿಗಲ್ಲುಗಳನ್ನೇ ನೋಡಿ ಬಂದ ಅವಳಿಗೆ, ನಿಲ್ಲಿಸಿದ ಕಲ್ಲೆಂದರೆ ಪೂಜೆಗೊಳ್ಳುವ ವಸ್ತುವೇ ಇರಬೇಕೆಂದು ತೋರಿದ್ದರೆ ಆಶ್ಚರ್ಯವಲ್ಲ.

ಅದು ಹೊರೆಗಲ್ಲು. ಮೋಟಾರು ಬಾರದ ಕಾಲದಲ್ಲಿ ತಲೆಯ ಮೇಲೆ ಮೂಟೆ ಹೊತ್ತು ಸಂತೆಗೆ ನಡೆಯುತ್ತಿದ್ದವರು ಅದರ ಮೇಲೆ ಭಾರವನ್ನು ಜಾರಿಸಿ, ನೆರಳಿನಲ್ಲಿ ಕೂತು, ನೀರು ಕುಡಿದು, ಮತ್ತೆ ಹೊತ್ತು ಮುಂದೆ ಸಾಗುತ್ತಿದ್ದರು. ಅದರ ಎತ್ತರದಲ್ಲಿಯೇ ಅದರ ವಿವೇಕವಿದೆ. ಮೂಟೆಯನ್ನು ನೆಲಕ್ಕಿಳಿಸಿದರೆ ಅದನ್ನು ಮರಳಿ ತಲೆಗೆತ್ತಲು ಇನ್ನೊಬ್ಬರು ಬೇಕು. ಒಂಟಿ ದಾರಿಗನಿಗೆ ಆ ಇನ್ನೊಬ್ಬರು ಎಲ್ಲಿ ಸಿಕ್ಕಬೇಕು? ಅವನು ಯಾರ ಹಂಗೂ ಇಲ್ಲದೆ ಇಳಿಸುವಂತೆ, ಯಾರ ಹಂಗೂ ಇಲ್ಲದೆ ಮತ್ತೆ ಹೊರುವಂತೆ ಆ ಚಪ್ಪಡಿಯನ್ನು ತಲೆಯ ಸಮಕ್ಕೆ ಇಟ್ಟರು. ಹೀಗೆಂದು ಹುಡುಗರಿಗೆ ವಿವರಿಸಿ ಬಂದೆನಾದರೂ, ಬಸ್ಸಿನಲ್ಲಿ ಕೂತಮೇಲೆ ನನ್ನ ಮನಸ್ಸು ಆ ಕಲ್ಲನ್ನು ಬಿಟ್ಟು ಬರಲಿಲ್ಲ. ಅದು ನಮ್ಮ ಮನೆಯ ಮಾತಾಗಿತ್ತು.

ನನ್ನ ತಾಯಿಗೆ ಈಗ ಎಪ್ಪತ್ತೆಂಟು ವರ್ಷ. ಏಳು ವರ್ಷಗಳ ಹಿಂದೆ ಅವರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಅನಂತರ ನಿಧಾನವಾಗಿ ಮರೆವು ಕವಿಯಿತು. ಈಗ ಅವರು ಹಾಸಿಗೆಯನ್ನು ಬಿಟ್ಟು ಏಳಲಾರರು; ನನ್ನನ್ನು ಒಮ್ಮೆ ಮಗನೆಂದೂ ಒಮ್ಮೆ ತಮ್ಮ ಅಣ್ಣನೆಂದೂ ಕರೆಯುತ್ತಾರೆ. ಹಾಸಿಗೆಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗಂಜಿಯನ್ನು ಚಮಚದಲ್ಲಿ ಹನಿಹನಿಯಾಗಿ ಕುಡಿಸಬೇಕು, ಅವಸರಪಟ್ಟರೆ ನೆತ್ತಿಗೇರುತ್ತದೆ. ಬಟ್ಟೆ ಬದಲಿಸಬೇಕು, ಒರೆಸಬೇಕು, ಔಷಧ ಕೊಡಬೇಕು. ರಾತ್ರಿ ಎರಡು ಗಂಟೆಗೆ "ಊರಿಗೆ ಹೋಗೋಣ, ಗಾಡಿ ಕಟ್ಟಿಸು" ಎಂದು ಅವರು ಹಟ ಹಿಡಿದಾಗ ಪಕ್ಕದಲ್ಲಿ ಕೂತು ಸಮಾಧಾನ ಹೇಳಬೇಕು.

ಇಷ್ಟನ್ನೂ ಮಾಡುವವನು ನಾನೆಂದು ವಾಚಕರು ಭಾವಿಸಿದ್ದರೆ ಅದು ಈ ವಾಕ್ಯಗಳ ದೋಷ. ಇವುಗಳಲ್ಲಿ ಕರ್ತೃಪದವಿಲ್ಲ. ವ್ಯಾಕರಣವನ್ನು ಪಾಠ ಹೇಳುವವನಾದ ನಾನು ಏಳು ವರ್ಷ ಈ ಕರ್ತೃಪದವನ್ನು ಬಿಟ್ಟೇ ಮಾತನಾಡಿದ್ದೇನೆ. "ಅಮ್ಮನನ್ನು ಮನೆಯಲ್ಲಿಯೇ ನೋಡಿಕೊಳ್ಳುತ್ತಿದ್ದೇವೆ" ಎಂದು ನಾನು ಹೇಳಿದಾಗ ಸಹೋದ್ಯೋಗಿಗಳು "ಇಂಥ ಮಗ ಈ ಕಾಲದಲ್ಲಿ ದುರ್ಲಭ" ಎಂದು ಮೆಚ್ಚಿದರು. ನಾನೂ ತಲೆಬಾಗಿ ಆ ಮೆಚ್ಚಿಕೆಯನ್ನು ಸ್ವೀಕರಿಸಿದೆ. ನೋಡಿಕೊಂಡವಳು ನನ್ನ ಹೆಂಡತಿ. ಈ ಏಳು ವರ್ಷಗಳಲ್ಲಿ ಅವಳು ತನ್ನ ತವರಿಗೆ ಹೋದದ್ದು ಎರಡು ಸಲ, ಎರಡು ಸಲವೂ ಸಾವಿಗೆ. ಅವಳ ತಂದೆ ತೀರಿಕೊಂಡ ದಿನ ಬೆಳಗ್ಗೆ ಹೋಗಿ, ಚಿತೆಗೆ ಬೆಂಕಿ ಬಿದ್ದ ಸುದ್ದಿಯನ್ನು ಕೇಳಿ, ಅತ್ತೆಯ ರಾತ್ರಿಯ ಔಷಧದ ಹೊತ್ತಿಗೆ ಮರಳಿ ಬಂದಳು.

ಮುಂದಿನ ಮಾತನ್ನು ಅವಳ ಅನುಮತಿಯನ್ನು ಪಡೆದೇ ಬರೆಯುತ್ತಿದ್ದೇನೆ. ಎರಡು ವರ್ಷಗಳ ಹಿಂದೆ ಒಂದು ರಾತ್ರಿ ಅಮ್ಮನ ಕೋಣೆಯಿಂದ ದೊಡ್ಡ ದನಿ ಕೇಳಿ ನಾನು ಎಚ್ಚತ್ತೆ. ಹೋಗಿ ನೋಡಿದರೆ, ಸೆರಗನ್ನು ಹಿಡಿದು ಜಗ್ಗುತ್ತಿದ್ದ ಅಮ್ಮನ ಕೈಯನ್ನು ಅವಳು ಒರಟಾಗಿ ಹಿಂದಕ್ಕೆ ತಳ್ಳಿ, "ಸಾಕು ಮಾಡಿ, ಅತ್ತೆ!" ಎಂದು ಕೂಗುತ್ತಿದ್ದಳು. ಮದುವೆಯಾಗಿ ಇಪ್ಪತ್ತು ವರ್ಷಗಳಲ್ಲಿ ಆ ದನಿಯನ್ನು ನಾನು ಕೇಳಿರಲಿಲ್ಲ. ಬೆಳಗಾದ ಮೇಲೆ ನಾನು ಅವಳಿಗೆ ಸಹನೆಯನ್ನು ಕುರಿತು ಉಪದೇಶ ಮಾಡಿದೆ. ಅವಳು ಎದುರಾಡಲಿಲ್ಲ. ಪಾತ್ರೆ ತೊಳೆಯುತ್ತಲೇ, "ನನಗೆ ಅತ್ತೆಯ ಮೇಲೆ ಸಿಟ್ಟು ಬಂದದ್ದಲ್ಲ ರೀ, ನಿದ್ದೆ ತಡೆಯಲಾಗಲಿಲ್ಲ. ಎಷ್ಟು ರಾತ್ರಿಯಾಯಿತೋ ನನಗೇ ಗೊತ್ತಿಲ್ಲ" ಎಂದಳು. ಉಪದೇಶ ಮಾಡಿದ ನಾನು ಆ ಏಳರಲ್ಲಿ ಐದು ವರ್ಷಗಳಲ್ಲಿ ಎಷ್ಟು ರಾತ್ರಿ ಎದ್ದು ಕೂತಿದ್ದೆನೆಂದು ಎಣಿಸಲು ಬೆರಳುಗಳು ಹೆಚ್ಚಾದವು.

ಅದೇ ವಾರ ತರಗತಿಯಲ್ಲಿ ನನ್ನ ಪಾಲಿಗೆ ಬಂದದ್ದು ಉದ್ದಾಯನ ಮಹಾರಾಜನ ಕಥೆ. ಹನ್ನೆರಡನೆಯ ಶತಮಾನದ ಆದಿಯಲ್ಲಿದ್ದ ಮುಳುಗುಂದದ ನಯಸೇನನ 'ಧರ್ಮಾಮೃತ'ವನ್ನು ಓದಿದವರಿಗೆ ಇದು ತಿಳಿದದ್ದೇ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾದ ನಿರ್ವಿಚಿಕಿತ್ಸೆಗೆ, ಎಂದರೆ ರೋಗಿಯ ದೇಹವನ್ನು ಕಂಡು ಹೇಸದಿರುವ ಗುಣಕ್ಕೆ, ಜೈನ ಪರಂಪರೆಯಲ್ಲಿ ಉದ್ದಾಯನನೇ ನಿದರ್ಶನ. ದೇವನೊಬ್ಬನು ಕೊಳೆತ ಮೈಯ ಮುನಿಯ ವೇಷದಲ್ಲಿ ಅವನ ಮನೆಗೆ ಬರುತ್ತಾನೆ. ಉಂಡದ್ದನ್ನೆಲ್ಲ ಕಾರಿಕೊಳ್ಳುತ್ತಾನೆ. ಪರಿವಾರದವರು ದುರ್ಗಂಧವನ್ನು ತಾಳದೆ ಓಡುತ್ತಾರೆ. ರಾಜನೂ ರಾಣಿ ಪ್ರಭಾವತಿಯೂ ಹೇಸದೆ ಆತನನ್ನು ಹಿಡಿದುಕೊಂಡು, ತೊಳೆದು, ಉಪಚರಿಸುತ್ತಾರೆ. ಕಡೆಗೆ ದೇವನು ವೇಷವನ್ನು ಕಳಚಿ ರಾಜನನ್ನು ಕೊಂಡಾಡುತ್ತಾನೆ.

ಹದಿನೈದು ವರ್ಷಗಳಿಂದ ಈ ಕಥೆಯನ್ನು ಭಾವಪೂರ್ಣವಾಗಿ ಹೇಳುತ್ತ ಬಂದ ನನ್ನ ನಾಲಗೆ ಅಂದು ತಡವರಿಸಿತು. ಉದ್ದಾಯನನ ಸೇವೆ ಘನವಾದದ್ದು, ಸಂದೇಹವಿಲ್ಲ. ಆದರೆ ಅದು ಒಂದು ಹೊತ್ತಿನ ಸೇವೆ. ಪರೀಕ್ಷೆ ಮುಗಿದೊಡನೆ ರೋಗ ಮಾಯವಾಯಿತು. ನಮ್ಮ ಮನೆಗಳಲ್ಲಿ ಮಲಗಿರುವವರು ವೇಷವನ್ನು ಕಳಚುವುದಿಲ್ಲ. ನಾಳೆಯೂ ಅದೇ ಹಾಸಿಗೆ, ಅದೇ ಗಂಜಿ, ಅದೇ ರಾತ್ರಿ. ಏಳನೆಯ ವರ್ಷದ ಉದ್ದಾಯನನನ್ನು ಯಾವ ಕವಿಯೂ ಬರೆದಂತೆ ಕಾಣೆ. ಅಲ್ಲದೆ, ಕೀರ್ತಿ ಉದ್ದಾಯನನಿಗೆ ಸಂದಿತು. ಜೊತೆಯಲ್ಲಿ ಕೈ ಕೊಟ್ಟ ಪ್ರಭಾವತಿಗೆ ಸಂದ ಪಾಲು ಎಷ್ಟೆಂಬುದನ್ನು ನಾನು ವಿದ್ಯಾರ್ಥಿಗಳನ್ನು ಒಮ್ಮೆಯೂ ಕೇಳಿರಲಿಲ್ಲ.

ಇದು ನನ್ನೊಬ್ಬನ ಮನೆಯ ವೃತ್ತಾಂತವಾಗಿದ್ದರೆ ಪತ್ರಿಕೆಯ ಪುಟಕ್ಕೆ ತರುವ ಕಾರಣವಿರಲಿಲ್ಲ. 2011ರ ಜನಗಣತಿಯ ಕಾಲಕ್ಕೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೆ ಮಿಕ್ಕಿದ್ದರು. ಮರೆವಿನ ರೋಗಕ್ಕೆ ಒಳಗಾದ ವೃದ್ಧರು ಸುಮಾರು 88 ಲಕ್ಷವಿರಬಹುದೆಂದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿತು. ಲಕ್ವ ಹೊಡೆದವರು, ಮೂತ್ರಪಿಂಡ ಸೋತವರು, ಹುಟ್ಟಿನಿಂದಲೇ ಎದ್ದು ಕೂರಲಾರದ ಮಕ್ಕಳು, ಮನಸ್ಸಿನ ಕಾಯಿಲೆಯವರು ಇದಕ್ಕೆ ಹೊರತು. ಇವರಲ್ಲಿ ಬಹುಮಂದಿಗೆ ಆಸ್ಪತ್ರೆಯೂ ಮನೆಯೇ, ದಾದಿಯೂ ಮನೆಯವರೇ. ಆ ಮನೆಯವರು ಯಾರೆಂಬುದನ್ನೂ ಅಂಕಿಗಳು ಹೇಳುತ್ತವೆ. ಸರ್ಕಾರ 2019ರಲ್ಲಿ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯಂತೆ, ಮನೆಯವರ ಪಾಲನೆ ಪೋಷಣೆಯಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ 134 ನಿಮಿಷಗಳನ್ನು ಕೊಡುತ್ತಿದ್ದರೆ, ತೊಡಗಿದ ಗಂಡಸರು ಕೊಡುತ್ತಿದ್ದುದು 76 ನಿಮಿಷ. ಹಾಗೆ ತೊಡಗುವ ಗಂಡಸರ ಪ್ರಮಾಣವಾದರೂ ಹೆಂಗಸರ ಪ್ರಮಾಣದ ಅರ್ಧದಷ್ಟು ಮಾತ್ರ.

ಈ ಕೆಲಸಕ್ಕೆ ನಾವು ಬಳಸುವ ಮಾತು ಶುಶ್ರೂಷೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ಕೇಳುವ ಇಚ್ಛೆ. ಗುರುವಿನ ಮಾತನ್ನು ಕೇಳಬೇಕೆಂಬ ಬಯಕೆಯಿಂದ ಹೊರಟು ಸೇವೆ ಎಂಬ ಅರ್ಥಕ್ಕೆ ಅದು ಬಂದು ನಿಂತಿತು. ಶುಶ್ರೂಷೆ ಮಾಡುವವಳು ರಾತ್ರಿಯೆಲ್ಲ ಕೇಳಿಸಿಕೊಳ್ಳುತ್ತಾಳೆ: ನರಳುವಿಕೆಯನ್ನು, ಕೆಮ್ಮನ್ನು, ಉಸಿರಿನ ಏರಿಳಿತವನ್ನು. ಅವಳನ್ನು ಕೇಳುವವರು ಯಾರು? ನಮ್ಮ ಮನೆಗೆ ಬಂದ ನೆಂಟರೆಲ್ಲ "ಅಮ್ಮ ಹೇಗಿದ್ದಾರೆ?" ಎಂದು ವಿಚಾರಿಸಿದರು. ಏಳು ವರ್ಷಗಳಲ್ಲಿ "ನೀನು ಹೇಗಿದ್ದೀಯಮ್ಮ?" ಎಂದು ಅವಳನ್ನು ಕೇಳಿದವರು ಒಬ್ಬರೇ, ಅದೂ ಪಕ್ಕದ ಬೀದಿಯ ಹೂವಿನವಳು.

ಆ ರಾತ್ರಿಯ ಪ್ರಸಂಗವಾದ ಕೆಲವು ದಿನಗಳಿಗೆ ಅವಳ ಸೊಂಟ ಹಿಡಿದುಕೊಂಡಿತು. ವೈದ್ಯರು ಹನ್ನೆರಡು ದಿನ ಭಾರ ಎತ್ತಕೂಡದೆಂದರು. ನಾನು ಜಿಲ್ಲಾಸ್ಥಳದಲ್ಲಿ ಹುಡುಕಿ, ಅಂಥ ರೋಗಿಗಳನ್ನು ಕೆಲವು ದಿನಗಳ ಮಟ್ಟಿಗೆ ಇರಿಸಿಕೊಳ್ಳುವ ಒಂದು ಖಾಸಗಿ ಪಾಲನಾಗೃಹದಲ್ಲಿ ಅಮ್ಮನನ್ನು ಬಿಟ್ಟೆ. ಬಂಧುಗಳಲ್ಲಿ ಗುಸುಗುಸು ಆರಂಭವಾಯಿತು. ನನ್ನ ದೊಡ್ಡಪ್ಪನವರ ಮಗ ದೂರವಾಣಿಯಲ್ಲಿ, "ಹೆತ್ತವಳನ್ನು ಆಶ್ರಮಕ್ಕೆ ಹಾಕಿದೆಯಂತೆ, ಏನಪ್ಪಾ ಬಂತು ನಿನಗೆ?" ಎಂದು ಕೇಳಿದ. ಆತ ಈ ಏಳು ವರ್ಷಗಳಲ್ಲಿ ಮೂರು ಸಲ ಕಿತ್ತಳೆಹಣ್ಣು ತಂದುಕೊಟ್ಟು ಹೋಗಿದ್ದವನು.

ಆ ಹನ್ನೆರಡು ದಿನಗಳಲ್ಲಿ ಎಲ್ಲವೂ ಸುಖವಾಗಿತ್ತೆಂದು ಹೇಳಿದರೆ ಸುಳ್ಳಾದೀತು. ಮೊದಲ ಮೂರು ದಿನ ಅಮ್ಮ ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ಅಲ್ಲಿಯ ದಾದಿಯೊಬ್ಬಳನ್ನು ತಮ್ಮ ತಂಗಿಯೆಂದು ಬಗೆದು ಅವಳ ಕೈಯಿಂದ ಉಂಡರು. ಮನೆಯಲ್ಲಿ ನನ್ನ ಹೆಂಡತಿ ಎರಡು ದಿನ ನಿದ್ದೆ ಮಾಡಿದಳು; ಮೂರನೆಯ ದಿನ ಎದ್ದು ಏನು ಮಾಡಬೇಕೆಂದು ತೋಚದೆ ಅಮ್ಮನ ಖಾಲಿ ಮಂಚದ ಮೇಲೆ ಕೂತು ಅತ್ತಳು; ಆಮೇಲೆ ಮೆಲ್ಲಗೆ ಹೊರಗೆ ಹೋಗಿ ಬರತೊಡಗಿದಳು. ಹದಿಮೂರನೆಯ ದಿನ ಅಮ್ಮ ಮನೆಗೆ ಬಂದಾಗ, ಅವರ ತಲೆ ಬಾಚುತ್ತ ಅವಳು ಆಡಿದ ಮಾತಿನಲ್ಲಿ ಹಳೆಯ ದನಿಯಿತ್ತು. ನನಗೆ ಬೇಕಾದ ಸಾಕ್ಷ್ಯ ಅಷ್ಟೆ. ಹನ್ನೆರಡು ದಿನಕ್ಕೆ ನಾನು ತೆತ್ತ ಹಣ ಮಾತ್ರ ನಮ್ಮ ಕಾಲೇಜಿನ ಅತಿಥಿ ಉಪನ್ಯಾಸಕರೊಬ್ಬರ ತಿಂಗಳ ಸಂಪಾದನೆಗೆ ಸಮವಾಗಿತ್ತು. ಕಾಯಂ ಸಂಬಳದವನಾದ ನಾನು ಹೇಗೋ ಕೊಟ್ಟೆ. ನಮ್ಮ ಮನೆಗೆ ಹಾಲು ಹಾಕುವಾಕೆ ಲಕ್ವ ಹೊಡೆದ ಗಂಡನನ್ನು ನಾಲ್ಕು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾಳೆ. ಅವಳು ಏನು ಕೊಟ್ಟಾಳು?

ಇಂಥ ಬಿಡುವಿನ ಏರ್ಪಾಡು ಪರದೇಶದ ಸರಕು, ನಮ್ಮ ಸಂಸ್ಕೃತಿಗೆ ಒಗ್ಗದು ಎಂಬ ಆಕ್ಷೇಪ ಪದೇ ಪದೇ ಕಿವಿಗೆ ಬೀಳುತ್ತದೆ. ಇದನ್ನು ಕೇಳಿದಾಗ ನನಗೆ ಬಾಣಂತನ ನೆನಪಿಗೆ ಬರುತ್ತದೆ. ಹೆತ್ತ ಹೆಣ್ಣನ್ನು ತವರಿಗೆ ಕರೆತಂದು, ತಿಂಗಳುಗಟ್ಟಲೆ ಎಣ್ಣೆನೀರೆರೆದು, ಬಿಸಿಯೂಟ ಹಾಕಿ, ರಾತ್ರಿ ಅಳುವ ಮಗುವನ್ನು ಅಜ್ಜಿ ಎತ್ತಿಕೊಂಡು ತಾಯಿಯನ್ನು ಮಲಗಗೊಡುವ ಪದ್ಧತಿ ಯಾವ ದೇಶದಿಂದ ಬಂದದ್ದು? ಇನ್ನೊಂದು ಜೀವವನ್ನು ಹಗಲಿರುಳು ನೋಡಿಕೊಳ್ಳಬೇಕಾದವಳನ್ನು ಮೊದಲು ನಾವು ನೋಡಿಕೊಳ್ಳಬೇಕು ಎಂಬ ತತ್ತ್ವವನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಬಾಣಂತನಕ್ಕೆ ತವರಿಗೆ ಹೋದವಳು ಗಂಡನ ಮನೆಯನ್ನು ತೊರೆದಳೆಂದು ಯಾರೂ ಆಡಿಕೊಳ್ಳಲಿಲ್ಲ. ಮಗುವನ್ನು ನೋಡಿಕೊಳ್ಳುವವಳಿಗೆ ಸಂದ ಈ ನ್ಯಾಯವನ್ನು ಮುದುಕರನ್ನು ನೋಡಿಕೊಳ್ಳುವವಳಿಗೆ ವಿಸ್ತರಿಸಬೇಕೆಂಬುದಷ್ಟೇ ನನ್ನ ವಾದ. ಹಿಂದೆ ಒಂದೇ ಮನೆಯಲ್ಲಿ ಮೂವರು ಸೊಸೆಯರು, ಇಬ್ಬರು ವಿಧವೆ ಅತ್ತೆಯರು ಇರುತ್ತಿದ್ದಾಗ ಹೆಗಲು ಬದಲಿಸುವವರು ಇದ್ದರು. ಆ ಕಾಲದ ಹೆಣ್ಣುಮಕ್ಕಳ ದುಡಿತವನ್ನು ನಾನು ವೈಭವೀಕರಿಸಲೊಲ್ಲೆ. ಆದರೆ ಈಗ ಹೊರೆ ಅಷ್ಟೇ ಇದ್ದು ಹೆಗಲು ಒಂದಾಗಿದೆ.

ಪರದೇಶದಲ್ಲಿಯೂ ಈ ತಿಳಿವಳಿಕೆ ತಾನಾಗಿ ಬಂದುದಲ್ಲ. ಇಂಗ್ಲೆಂಡಿನಲ್ಲಿ ಮೇರಿ ವೆಬ್‌ಸ್ಟರ್ ಎಂಬ ಕ್ರೈಸ್ತ ಪಾದ್ರಿಣಿ 1954ರಲ್ಲಿ, ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ, ತಂದೆತಾಯಿಯರನ್ನು ನೋಡಿಕೊಳ್ಳಲು ಕೆಲಸವನ್ನು ಬಿಟ್ಟಳು. 1963ರಲ್ಲಿ ತನ್ನಂಥವರ ಅವಸ್ಥೆಯನ್ನು ಕುರಿತು ಪತ್ರಿಕೆಗೆ ಬರೆದಳು. ಅದರ ಫಲವಾಗಿ 1965ರಲ್ಲಿ ಒಂದು ಸಂಘ ಹುಟ್ಟಿ, 1976ರಲ್ಲಿ ಅಲ್ಲಿಯ ಸರ್ಕಾರ ಆರೈಕೆ ಮಾಡುವವರಿಗೆ ಭತ್ಯೆಯನ್ನು ಕೊಡಲಾರಂಭಿಸಿತು. ಆದರೆ ಮದುವೆಯಾದ ಹೆಂಗಸರಿಗೆ ಅದು ಇಲ್ಲ! ಅವರು ಹೇಗೂ ಮನೆಯಲ್ಲಿಯೇ ಇರುವವರಲ್ಲವೆ ಎಂಬುದು ತರ್ಕ. ಆ ತಪ್ಪನ್ನು ತಿದ್ದಲು 1986ರವರೆಗೆ ಕಾಯಬೇಕಾಯಿತು. ಈ ಸಂಗತಿಯನ್ನು ಓದಿದಾಗ ನನಗೆ ನಗು ಬರಲಿಲ್ಲ. ಆ ತರ್ಕ ನನ್ನ ಮನೆಯ ಪಡಸಾಲೆಯಲ್ಲಿಯೂ ಏಳು ವರ್ಷ ಕೂತಿತ್ತು. ಜರ್ಮನಿ 1995ರಿಂದಲೂ ಜಪಾನು 2000ದಿಂದಲೂ ಪಾಲನೆಗೆಂದೇ ವಿಮೆಯನ್ನು ಏರ್ಪಡಿಸಿ, ರೋಗಿಯನ್ನು ಕೆಲವು ದಿನ ಬೇರೆಡೆ ಇರಿಸುವ ವೆಚ್ಚವನ್ನೂ ಅದರಲ್ಲಿ ಸೇರಿಸಿವೆ.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ, ಸಂಬಳ ಪಡೆದೋ ಪಡೆಯದೆಯೋ ಆರೈಕೆ ಮಾಡುವ ತಂದೆತಾಯಿ, ಮನೆಮಂದಿಗಳನ್ನು ಹೆಸರಿಸಿ ಗುರುತಿಸಿತು. ಹೆಚ್ಚಿನ ನೆರವು ಬೇಕಾದ ಅಂಗವಿಕಲರ ಆರೈಕೆಗೆ ಭತ್ಯೆಯನ್ನೂ ಹೇಳಿತು. 1999ರ ಕಾಯಿದೆಯಿಂದ ಹುಟ್ಟಿದ ರಾಷ್ಟ್ರೀಯ ನ್ಯಾಸವು ಬುದ್ಧಿಮಾಂದ್ಯ, ಮಿದುಳುವಾತ ಮೊದಲಾದ ಕೊರತೆಯುಳ್ಳವರಿಗಾಗಿ 'ಸಮರ್ಥ್' ಎಂಬ ತಾತ್ಕಾಲಿಕ ಆಶ್ರಯದ ಯೋಜನೆಯನ್ನು ತಂದಿತು. ನಮ್ಮ ದಕ್ಷಿಣ ಕನ್ನಡದಲ್ಲಿ ಗೇರುತೋಟಗಳ ಮೇಲೆ 2000ದವರೆಗೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಎಂಬ ವಿಷ ಎಷ್ಟೋ ಮನೆಗಳಲ್ಲಿ ಎದ್ದು ನಿಲ್ಲಲಾರದ ಮಕ್ಕಳನ್ನು ಉಳಿಸಿ ಹೋಯಿತು. ಆ ಮನೆಯವರ ಬಹುಕಾಲದ ಹೋರಾಟದ ಮೇಲೆ ಕೊಕ್ಕಡ, ಕೊಯಿಲಗಳಲ್ಲಿ ಅಂಥವರನ್ನು ಹಗಲಿನಲ್ಲಿ ನೋಡಿಕೊಳ್ಳುವ ಕೇಂದ್ರಗಳು ತೆರೆದವು. ಇಪ್ಪತ್ತು ವರ್ಷದ ಮಗನನ್ನು ಹಸುಗೂಸಿನಂತೆ ಎತ್ತಿ ಇಳಿಸುವ, ನಡುನಡುವೆ ಬೀಡಿ ಕಟ್ಟಿ ಬದುಕುವ ತಾಯಿಗೆ ಹಗಲಿನ ನಾಲ್ಕು ಗಂಟೆಗಳ ಬಿಡುವೆಂದರೆ ಏನೆಂದು ನಾವು ಊಹಿಸಬಹುದು. ನೆರೆಯ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಮೊಳೆತ ಉಪಶಾಮಕ ಚಿಕಿತ್ಸೆಯ ಕೆಲಸ ಊರೂರಿನ ಸ್ವಯಂಸೇವಕರ ಕೈಗೆ ಬಂದು, 2008ರಲ್ಲಿ ಸರ್ಕಾರದ ನೀತಿಯಾಯಿತು. ಸ್ಥಳೀಯ ಸಂಸ್ಥೆಗಳ ದಾದಿಯರು ಹಾಸಿಗೆ ಹಿಡಿದವರ ಮನೆಬಾಗಿಲಿಗೆ ಹೋಗುವಂತಾಯಿತು.

ಆದರೆ ನಮ್ಮಂಥ ತಾಲ್ಲೂಕಿನ ಊರಿನಲ್ಲಿ, ಲಕ್ವ ಹೊಡೆದ ಮುದುಕಿಯನ್ನು ಹತ್ತು ದಿನ ನೋಡಿಕೊಳ್ಳುವ ಒಂದು ಸಾರ್ವಜನಿಕ ಮಂಚವಿಲ್ಲ. ಕಲ್ಯಾಣಮಂಟಪಗಳು ಆರು ಇವೆ. ತಂದೆತಾಯಿಯರ ಪೋಷಣೆಯನ್ನು ಕುರಿತ 2007ರ ಕಾಯಿದೆ, ವೃದ್ಧರನ್ನು ಎಲ್ಲಿಯೋ ಬಿಟ್ಟುಹೋದವರಿಗೆ 3 ತಿಂಗಳವರೆಗೆ ಸೆರೆಮನೆಯನ್ನೋ 5,000 ರೂಪಾಯಿವರೆಗೆ ದಂಡವನ್ನೋ ಎರಡನ್ನೂ ವಿಧಿಸಬಹುದೆಂದು ಹೇಳುತ್ತದೆ. ಅದು ಸರಿಯೇ. ಆದರೆ ಬಿಟ್ಟುಹೋಗದೆ ನಿಂತವಳ ಗತಿ ಏನೆಂದು ಕೇಳುವ ಕಾಯಿದೆಯೂ ಬೇಕಲ್ಲವೆ?

ಇಲ್ಲಿ ಮಲಗಿದವರ ಪಕ್ಷವನ್ನು ಮರೆಯತಕ್ಕದ್ದಲ್ಲ. ತಮ್ಮನ್ನು ಬೇರೆಡೆ ಕರೆದೊಯ್ದರೆ ಇನ್ನು ಮನೆಗೆ ಕರೆತರುವುದಿಲ್ಲವೆಂಬ ಭಯ ಅವರಿಗೆ ಸಹಜ. ಮರೆವಿನ ರೋಗಿಗೆ ಅಪರಿಚಿತ ಗೋಡೆಯೇ ಒಂದು ಹಿಂಸೆ. ಆದುದರಿಂದ ಮೊದಲು ಅವರು ಇದ್ದ ಕಡೆಗೇ ನೆರವು ಬರಬೇಕು. ಎರಡು ಗಂಟೆಯಿಂದ ಆರಂಭಿಸಿ ಒಂದು ದಿನ, ಅನಂತರ ಒಂದು ವಾರ, ಹೀಗೆ ಹಂತಹಂತವಾಗಿ ಅಭ್ಯಾಸ ಮಾಡಿಸಬೇಕು. ಹೇಳಿದ ದಿನಕ್ಕೆ ಹೇಳಿದ ಹೊತ್ತಿಗೆ ಮರಳಿ ಕರೆತರಬೇಕು. ಪಾಲನಾಗೃಹಗಳಾದರೋ ಹಣ ಕೀಳುವ ಅಂಗಡಿಗಳಾಗದಂತೆ, ಹೊಡೆದು ಬಡಿದು ಮಲಗಿಸುವ ದೊಡ್ಡಿಗಳಾಗದಂತೆ ತಪಾಸಣೆ ಇರಬೇಕು. ಈ ಎಚ್ಚರಗಳಿಲ್ಲದ ಬಿಡುವು ಒಬ್ಬರ ಹೊರೆಯನ್ನು ಇನ್ನೊಬ್ಬರ ಎದೆಯ ಮೇಲೆ ಇಟ್ಟಂತಾದೀತು.

ಮಾಡಬೇಕಾದುದು ಅಸಾಧ್ಯವಾದುದೇನಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ಕು ಮಂಚಗಳನ್ನು ಇದಕ್ಕೆಂದೇ ಕಾದಿರಿಸಲಿ. 1975ರ ಅಕ್ಟೋಬರಿನಲ್ಲಿ ಟಿ. ನರಸೀಪುರದಲ್ಲಿ ನೂರು ಅಂಗನವಾಡಿಗಳಿಂದ ಆರಂಭವಾದ ಕೆಲಸ ಇಂದು ನಾಡಿನ ಹಳ್ಳಿಹಳ್ಳಿಗೂ ಹಬ್ಬಿದೆ. ಮಕ್ಕಳಿಗಾಗಿ ಒಂದು ಕೋಣೆ, ಒಬ್ಬ ಕಾರ್ಯಕರ್ತೆ, ಒಂದು ಹೊತ್ತಿನ ಊಟ ಎಂಬ ಸರಳ ಸೂತ್ರ ಸಾಧ್ಯವಾದ ನಾಡಿನಲ್ಲಿ ಮುದುಕರಿಗಾಗಿ ಹಗಲುಮನೆ ಸಾಧ್ಯವಾಗದೆ? ಮನೆಮನೆಗೆ ಹೋಗಿ ಮಗ್ಗುಲು ಬದಲಿಸುವುದನ್ನು, ಹುಣ್ಣು ತೊಳೆಯುವುದನ್ನು ಕಲಿಸಿಕೊಡುವ ತರಬೇತಾದ ಹೆಂಗಸರಿಗೂ ಗಂಡಸರಿಗೂ ಪಂಚಾಯತಿ ಸಂಬಳ ಕೊಡಲಿ. ಎಷ್ಟೋ ಸಲ ಸೊಂಟ ಮುರಿಯುವುದು ಭಾರದಿಂದಲ್ಲ, ಎತ್ತುವ ಕ್ರಮ ತಿಳಿಯದುದರಿಂದ.

ಸರ್ಕಾರ ಮಾಡುವವರೆಗೆ ನಾವು ಕೈ ಕಟ್ಟಿ ಕೂರಬೇಕಾಗಿಲ್ಲ. ನಮ್ಮ ರೈತರಲ್ಲಿ ಮುಯ್ಯಾಳು ಎಂಬ ಒಳ್ಳೆಯ ಪದ್ಧತಿಯುಂಟು: ಇಂದು ನಿನ್ನ ನಾಟಿಗೆ ನಾನು, ನಾಳೆ ನನ್ನ ನಾಟಿಗೆ ನೀನು. ಕೂಲಿಯಿಲ್ಲ, ಉಪಕಾರದ ಭಾರವೂ ಇಲ್ಲ. ನಮ್ಮ ಬೀದಿಯಲ್ಲಿ ಮೂರು ಮನೆಯವರು ಕಳೆದ ವರ್ಷದಿಂದ ಇದನ್ನೇ ಮಾಡಿ ನೋಡುತ್ತಿದ್ದೇವೆ. ಬುಧವಾರ ಮಧ್ಯಾಹ್ನ ಎದುರುಮನೆಯಾಕೆ ಅಮ್ಮನ ಬಳಿ ಕೂರುತ್ತಾರೆ. ಶುಕ್ರವಾರ ನನ್ನ ಹೆಂಡತಿ ಆಕೆಯ ಅಂಗವಿಕಲ ತಮ್ಮನಿಗೆ ಊಟ ಮಾಡಿಸುತ್ತಾಳೆ. ಹಾಲು ಹಾಕುವಾಕೆಯ ಗಂಡನ ಬಳಿ ಶನಿವಾರ ಸಂಜೆ ಕೂರುವ ಪಾಳಿ ನನ್ನದು. ಅವನಿಗೆ ಪತ್ರಿಕೆ ಓದಿ ಹೇಳುತ್ತೇನೆ; ರಾಜಕೀಯದಲ್ಲಿ ನಮ್ಮಿಬ್ಬರಿಗೂ ಒಮ್ಮತವಿಲ್ಲದ್ದರಿಂದ ಹೊತ್ತು ಬೇಗ ಹೋಗುತ್ತದೆ. ಅಮ್ಮನ ರಾತ್ರಿಗಳಲ್ಲಿ ವಾರಕ್ಕೆ ಮೂರು ನನ್ನವು. ಮೊದಲ ತಿಂಗಳು ನನಗೆ ಸಮರ್ಪಕವಾಗಿ ಬಟ್ಟೆ ಬದಲಿಸಲೂ ಬರುತ್ತಿರಲಿಲ್ಲ. ಅಮ್ಮ ಮರೆವಿನ ನಡುವೆಯೂ, "ನಿನಗೆ ಬರುವುದಿಲ್ಲ, ಅವಳನ್ನು ಕರಿ" ಎಂದು ಗದರಿದರು. ಈಗ ಗದರುವುದಿಲ್ಲ. ಕಲಿತೆನೋ, ಅವರೇ ಮರೆತರೋ ತಿಳಿಯದು.

ಈ ಪುಟ ವಾಚಕರ ಕೈ ಸೇರುವುದು ಭಾನುವಾರದಂದು. ನಿಮ್ಮ ಬೀದಿಯಲ್ಲಿಯೂ, ಬಳಗದಲ್ಲಿಯೂ ಬಾಗಿಲು ಅರ್ಧ ಮುಚ್ಚಿದ ಒಂದು ಮನೆ ಇದ್ದೀತು. ಅಲ್ಲಿ ಒಬ್ಬರು ಮಲಗಿದ್ದಾರು, ಒಬ್ಬರು ಎದ್ದಿದ್ದಾರು. ಮಧ್ಯಾಹ್ನ ಅಲ್ಲಿಗೆ ಹೋಗಿ. ಹಣ್ಣು ಬೇಕಿಲ್ಲ, ನಾಟಿ ಔಷಧದ ವಿಳಾಸವಂತೂ ಬೇಡವೇ ಬೇಡ. "ನಾನು ಆರು ಗಂಟೆಯವರೆಗೆ ಇಲ್ಲಿ ಕೂತಿರುತ್ತೇನೆ, ನೀವು ಮಲಗಿ, ಇಲ್ಲವೆ ಹೊರಗೆ ಹೋಗಿಬನ್ನಿ" ಎಂದು ಹೇಳಿ. ಮೊದಲ ಸಲ ಅವರು ಒಪ್ಪಲಿಕ್ಕಿಲ್ಲ. ಮುಂದಿನ ಭಾನುವಾರವೂ ಹೋಗಿ ಕೇಳಿ.